ಹೊರಟಿದ್ದು ಎಲ್ಲಿಂದ ಅನ್ನೋದೂ ಮುಖ್ಯ

ಗ್ವಾಟೆಮಾಲಾದ ಕಲಾವಿದೆ ರೆಹಿನಾ ಹೋಸೆ ಗಲಿಂದೊ 2003ರಲ್ಲಿ ಮಾಡಿದ ರಕ್ತದ ನಡಿಗೆ ಬರೀ ಗಿಮಿಕ್ ಎಂದು ಅದರ ಬಗ್ಗೆ ಬಂದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ನನಗೆ ಹಾಗನ್ನಿಸಲಿಲ್ಲ ಸಾರ್. ಅದರ ವಿಡಿಯೋ ಒಮ್ಮೆ ನೋಡಿ. ಕೂಗಾಟ ಇಲ್ಲ, ಭಾಷಣ ಇಲ್ಲ. ಕಪ್ಪು ಬಟ್ಟೆ, ಬರಿಗಾಲು, ಕೈಯಲ್ಲೊಂದು ಬಿಳಿ ಬೇಸಿನ್, ಅದರ ತುಂಬ ಮನುಷ್ಯರ ರಕ್ತ. ಸ್ವಲ್ಪ ದೂರ ನಡೆದರೆ ಹೆಜ್ಜೆ ಗುರುತು ಮಾಸುತ್ತದೆ. ಬೇಸಿನ್ ಕೆಳಗಿಟ್ಟು ಮತ್ತೆ ಕಾಲು ಅದ್ದುತ್ತಾರೆ, ಮತ್ತೆ ನಡೆಯುತ್ತಾರೆ. ಸುಮ್ನೆ ಅಷ್ಟೇ. ಕೊನೆಗೆ ಆ ಬೇಸಿನ್ ಅನ್ನು ರಾಜಧಾನಿಯ ರಾಷ್ಟ್ರೀಯ ಅರಮನೆ ಕಾಯುತ್ತಿದ್ದ ಪೊಲೀಸರ ಮುಂದೆ ಇಟ್ಟು ಹೋಗುತ್ತಾರೆ.

ಲೇಖನದಲ್ಲಿ ಬಿಟ್ಟುಹೋಗಿರುವುದು ಅವರು ಹೊರಟ ಜಾಗ. ಅದು ಸಂವಿಧಾನ ನ್ಯಾಯಾಲಯ. ಗ್ವಾಟೆಮಾಲಾದ 36 ವರ್ಷದ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಜಾಸ್ತಿ. ಅಲ್ಲಿನ ಮೂಲನಿವಾಸಿ ಮಾಯಾ ಜನರ ಹಳ್ಳಿಗಳನ್ನು ಸೇನೆ ಸುಟ್ಟುಹಾಕುತ್ತಿದ್ದ 1982-83ರಲ್ಲಿ ಅಧಿಕಾರದಲ್ಲಿದ್ದವರು ಜನರಲ್ ರಿಯೋಸ್ ಮೊಂಟ್. ಅಂಥವರು ಮತ್ತೆ ಅಧ್ಯಕ್ಷ ಚುನಾವಣೆಗೆ ನಿಲ್ಲಬಹುದು ಎಂದು 2003ರಲ್ಲಿ ಒಪ್ಪಿಗೆ ಕೊಟ್ಟಿದ್ದು ಇದೇ ಕೋರ್ಟು. ಅದನ್ನು ವಿರೋಧಿಸಿಯೇ ಈ ನಡಿಗೆ. ಅವರು ಸೋತರು, ಅದು ಬೇರೆ ಮಾತು. 2013ರಲ್ಲಿ ನರಮೇಧದ ಕೇಸಿನಲ್ಲಿ ಅವರಿಗೆ 80 ವರ್ಷ ಶಿಕ್ಷೆಯಾಯಿತು. ಹತ್ತೇ ದಿನಕ್ಕೆ ತೀರ್ಪು ರದ್ದಾಯಿತು. ರದ್ದು ಮಾಡಿದ್ದು ಯಾರು ಅಂದುಕೊಂಡ್ರಿ? ಅದೇ ಕೋರ್ಟು.