ಒಂಬತ್ತು ಗಂಟಿಗೆ ಒಂದು ಹೆಸರು

ಅಮೆರಿಕದ ಕನೆಕ್ಟಿಕಟ್ ಸೀಮೆಯಲ್ಲಿ ಪಾದ್ರಿಗಳು ಕೂಡಿ 1701ರಲ್ಲಿ ತೆರೆದ ಶಾಲೆಗೆ ಮೊದಲ ಹದಿನೇಳು ವರ್ಷ ಹೇಳಿಕೊಳ್ಳುವಂಥ ಹೆಸರೇ ಇರಲಿಲ್ಲ. ಅದು ಅಲ್ಲಿ ಇಲ್ಲಿ ಅಲೆದು ಕಡೆಗೆ ನ್ಯೂ ಹೇವನ್ನಿನಲ್ಲಿ ನೆಲೆಯೂರಿ ಕಟ್ಟಡ ಎಬ್ಬಿಸಹೊರಟಾಗ ಕೈಯಲ್ಲಿದ್ದ ಕಾಸು ಸಾಲದಾಯಿತು. ಆಗ ಬಾಸ್ಟನ್ನಿನ ಪಾದ್ರಿ ಕಾಟನ್ ಮೇದರ್, ಲಂಡನ್ನಿನಲ್ಲಿ ವಿಶ್ರಾಂತ ಜೀವನ ನಡೆಸುತ್ತಿದ್ದ ಎಲಿಹು ಯೇಲ್ ಎಂಬ ಧನಿಕನಿಗೆ ಪತ್ರ ಬರೆದು, ತಾವು ದೊಡ್ಡ ಮನಸ್ಸು ಮಾಡಿದರೆ ಶಾಲೆಗೆ ತಮ್ಮ ಹೆಸರನ್ನೇ ಇಡಬಹುದೆಂದೂ ಅದು ಈಜಿಪ್ಟಿನ ಪಿರಮಿಡ್ಡಿಗಿಂತ ಮೇಲಾದ ಸ್ಮಾರಕವಾದೀತೆಂದೂ ಸೂಚಿಸಿದ. ಮೇದರ್ ಓದಿದ್ದು ಹಾರ್ವರ್ಡಿನಲ್ಲಿ. ಹೀಗೆ ಯೇಲ್ ವಿಶ್ವವಿದ್ಯಾಲಯದ ನಿಧಿಸಂಗ್ರಹ ಕಚೇರಿಯು ಎದುರುಮನೆಯ ಹಳೆಯ ವಿದ್ಯಾರ್ಥಿಯೊಬ್ಬನಿಂದ, ಸಂಬಳದ ಖರ್ಚಿಲ್ಲದೆ ಆರಂಭವಾಯಿತು.

ದಾನಿ ನಮಗೆ ತೀರ ಅಪರಿಚಿತನಲ್ಲ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ 1687ರಿಂದ 1692ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಗವರ್ನರನಾಗಿದ್ದು, ಕಂಪನಿಯ ಕೆಲಸಕ್ಕಿಂತ ಸ್ವಂತ ವ್ಯಾಪಾರವನ್ನೇ ಹೆಚ್ಚು ನಿಷ್ಠೆಯಿಂದ ನಡೆಸಿದನೆಂಬ ಆರೋಪದ ಮೇಲೆ ಹುದ್ದೆ ಕಳೆದುಕೊಂಡ ಮಹಾನುಭಾವ ಈತ. ಈಸ್ಟ್ ಇಂಡಿಯಾ ಕಂಪನಿಗೇ ಅತಿಯೆನಿಸಿದ ದುರಾಸೆ ಎಂಥದ್ದಿರಬೇಕೆಂದು ಊಹಿಸುವ ಹೊರೆಯನ್ನು ಓದುಗರಿಗೇ ಬಿಡುತ್ತೇನೆ. ಆತ ಕಳುಹಿಸಿದ್ದು ಒಂಬತ್ತು ಗಂಟು ಸರಕು, 417 ಪುಸ್ತಕ ಮತ್ತು ಒಂದನೆಯ ಜಾರ್ಜ್ ದೊರೆಯ ಒಂದು ಚಿತ್ರಪಟ. ಆ ಸರಕನ್ನು ಮಾರಿದಾಗ ಬಂದದ್ದು ಸುಮಾರು 562 ಪೌಂಡು. ಇದಕ್ಕೂ ಮೊದಲು ಜೆರೆಮಯ ಡಮ್ಮರ್ ಎಂಬಾತ ನ್ಯೂಟನ್ ಮುಂತಾದವರನ್ನು ಕಾಡಿ ಬೇಡಿ ಎಂಟುನೂರಕ್ಕೂ ಹೆಚ್ಚು ಪುಸ್ತಕಗಳನ್ನು ಅದೇ ಶಾಲೆಗೆ ಕೊಡಿಸಿದ್ದನಾದರೂ ಅವನ ಹೆಸರು ಯಾರ ಬಾಯಿಗೂ ಬರಲಿಲ್ಲ. ಆ ಹೆಸರು ಇಂಗ್ಲಿಷ್ ಕಿವಿಗೆ ‘ಇನ್ನೂ ದಡ್ಡ’ ಎಂದು ಕೇಳಿಸುವುದರಿಂದ, ವಿದ್ಯಾಸಂಸ್ಥೆಯ ಬಾಗಿಲಿಗೆ ಅದನ್ನು ಬರೆಸಲು ಯಾರಿಗೆ ತಾನೇ ಧೈರ್ಯ ಬಂದೀತು!

ಗುರುವಿನ ಋಣ ತೀರದೆಂದು ನಮ್ಮ ಹಿರಿಯರು ಹೇಳಿ ಸುಮ್ಮನಾದರು. ಅದನ್ನು ವರ್ಷಕ್ಕೊಂದು ಕಂತಿನಂತೆ ವಸೂಲು ಮಾಡುವ ಏರ್ಪಾಡನ್ನು ಯೇಲ್ 1890ರಲ್ಲಿ ಹಳೆಯ ವಿದ್ಯಾರ್ಥಿಗಳ ನಿಧಿಯೆಂಬ ಹೆಸರಿನಲ್ಲಿ ಮಾಡಿತು. ತರಗತಿವಾರು ಪ್ರತಿನಿಧಿಗಳಿರುವುದರಿಂದ, ಕಾಸು ಕೇಳಲು ಬರುವವನು ಗುಮಾಸ್ತನಲ್ಲ, ಹಿಂದೆ ಪಕ್ಕದ ಬೆಂಚಿನಲ್ಲಿ ಕೂತಿದ್ದ ಗೆಳೆಯ. ಇಂದು ಸಂಸ್ಥೆಯ ಮೂಲನಿಧಿ 4,000 ಕೋಟಿ ಡಾಲರುಗಳನ್ನು ದಾಟಿದೆ. ಮನವಿಪತ್ರಗಳು ಮಾತ್ರ ನಿಂತಿಲ್ಲ.

ಬಂದ ದಾನವನ್ನು ನುಂಗಲಾರದೆ ಉಗುಳಿದ್ದೂ ಉಂಟು. ಲೀ ಬಾಸ್ ಎಂಬ ಹಳೆಯ ವಿದ್ಯಾರ್ಥಿ 1991ರಲ್ಲಿ ಪಾಶ್ಚಾತ್ಯ ನಾಗರಿಕತೆಯ ಬೋಧನೆಗೆಂದು 2 ಕೋಟಿ ಡಾಲರು ಕೊಟ್ಟರು. ವರ್ಷಗಳು ಉರುಳಿದರೂ ಬೋಧನೆ ಶುರುವಾಗಲಿಲ್ಲ. ಪ್ರಾಧ್ಯಾಪಕರ ನೇಮಕದಲ್ಲಿ ತಮ್ಮ ಒಪ್ಪಿಗೆಯೂ ಬೇಕೆಂದು ದಾನಿ ಕೇಳಿದಾಗ, 1995ರಲ್ಲಿ ಅಷ್ಟನ್ನೂ ಮರಳಿಸಲಾಯಿತು. ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆಂದು ಶಪಿಸುವ ನಮ್ಮ ದಾನಶಾಸನಗಳಲ್ಲಿ, ಪಡೆದವನೇ ಹಿಂದಿರುಗಿಸಿದರೆ ಯಾವ ಜನ್ಮವೆಂದು ಕೆತ್ತಿದ ಕಲ್ಲನ್ನು ನಾನು ಕಂಡಿಲ್ಲ.

ಎಲ್ಲಕ್ಕಿಂತ ಸೊಗಸಾದ ಅಧ್ಯಾಯ 1908ರಲ್ಲಿ ಆರಂಭವಾದ ಪ್ರಕಟಣಾ ವಿಭಾಗದ್ದು. ಕೊಲಂಬಸನಿಗಿಂತ ಮೊದಲೇ ವೈಕಿಂಗರು ಅಮೆರಿಕವನ್ನು ಕಂಡಿದ್ದರೆಂದು ಸಾರುವ ‘ವಿನ್‌ಲ್ಯಾಂಡ್ ನಕ್ಷೆ’ ಪಾಲ್ ಮೆಲನ್ ಎಂಬ ದಾನಿಯ ಕೃಪೆಯಿಂದ ಯೇಲ್‌ಗೆ ಬಂತು. ಅದರ ಕುರಿತ ಭಾರಿ ಗ್ರಂಥವನ್ನು ಪ್ರಕಟಣಾ ವಿಭಾಗವು 1965ರಲ್ಲಿ ಸರಿಯಾಗಿ ಕೊಲಂಬಸ್ ದಿನಾಚರಣೆಯ ಮುನ್ನಾದಿನ ಬಿಡುಗಡೆ ಮಾಡಿತು. ವಿದ್ವತ್ತಿಗೂ ಮುಹೂರ್ತ ಮುಖ್ಯ. ಶಾಯಿಯಲ್ಲಿ ಇಪ್ಪತ್ತನೆಯ ಶತಮಾನದ ಟೈಟಾನಿಯಂ ಬಣ್ಣವಿದೆಯೆಂದು 1974ರಲ್ಲಿ ಪರೀಕ್ಷಕರು ಹೇಳಿದರೂ ಪ್ರಕಟಣಾ ವಿಭಾಗ ಎದೆಗುಂದದೆ 1995ರಲ್ಲಿ ಅದೇ ಗ್ರಂಥದ ಹೊಸ ಆವೃತ್ತಿಯನ್ನು ತಂದಿತು. ನಕ್ಷೆ ಖೋಟಾ ಎಂದು ವಿಶ್ವವಿದ್ಯಾಲಯವು ಘೋಷಿಸಿದ್ದು 2021ರಲ್ಲಿ. ಐವತ್ತಾರು ವರ್ಷಗಳ ಕಾಲ ದಾನದ ಮುಖ ನೋಡಿ ಶಾಯಿಯ ಮುಖ ನೋಡದಿದ್ದುದಕ್ಕೆ ದಾಕ್ಷಿಣ್ಯವೆನ್ನಬೇಕೋ ವಿದ್ವತ್ತೆನ್ನಬೇಕೋ ತಿಳಿಯದು.

ಮೂಲದಾನಿಯ ಚಿತ್ರವೊಂದು ಆಡಳಿತ ಮಂಡಳಿಯ ಕೋಣೆಯಲ್ಲಿ ತೂಗುತ್ತಿತ್ತು. ಅದರಲ್ಲಿ ಯೇಲ್‌ನ ಪಕ್ಕದಲ್ಲಿ ಕೊರಳಿಗೆ ಲೋಹದ ಪಟ್ಟಿ ತೊಟ್ಟ ಸೇವಕನೊಬ್ಬನಿದ್ದ. 2007ರಲ್ಲಿ ಆ ಚಿತ್ರವನ್ನು ಇಳಿಸಿ, ಸೇವಕನಿಲ್ಲದ ಯೇಲ್‌ನ ಇನ್ನೊಂದು ಚಿತ್ರವನ್ನು ತೂಗುಹಾಕಿದರು. ಹೆಸರು ಹಾಗೆಯೇ ಉಳಿಯಿತು. ಪಟ್ಟಿ ಮಾತ್ರ ಕಣ್ಮರೆಯಾಯಿತು. ವಿಶ್ವವಿದ್ಯಾಲಯವು ಗುಲಾಮಗಿರಿಯೊಂದಿಗಿನ ತನ್ನ ನಂಟಿಗಾಗಿ ವಿಧಿವತ್ತಾಗಿ ಕ್ಷಮೆ ಕೇಳಿದ್ದು 2024ರಲ್ಲಿ, ಮತ್ತು ಆ ಇತಿಹಾಸದ ಗ್ರಂಥವನ್ನು ಅಚ್ಚು ಹಾಕಿದ್ದು, ಹೌದು, ತನ್ನದೇ ಪ್ರಕಟಣಾ ವಿಭಾಗ.

ಹೆಸರಿನ ದರವಂತೂ ಏರಿದೆ. ಚಾರ್ಲ್ಸ್ ಜಾನ್ಸನ್ 25 ಕೋಟಿ ಡಾಲರು ಕೊಟ್ಟ ಬಳಿಕ, ಆತನ ಇಚ್ಛೆಯಂತೆ 2016ರಲ್ಲಿ ಹೊಸ ವಸತಿ ಕಾಲೇಜೊಂದಕ್ಕೆ ಬೆಂಜಮಿನ್ ಫ್ರಾಂಕ್ಲಿನ್‌ನ ಹೆಸರಿಡಲಾಯಿತು. ಫ್ರಾಂಕ್ಲಿನ್ ಯೇಲ್‌ನಲ್ಲಿ ಓದಿದವನಲ್ಲ. 1753ರಲ್ಲಿ ಗೌರವ ಪದವಿ ಪಡೆದಿದ್ದ, ಅಷ್ಟೆ. ಜಾನ್ಸನ್ನರ ಕುಟುಂಬದ ಹೂಡಿಕೆ ಕಂಪನಿಯ ಹೆಸರೂ ಫ್ರಾಂಕ್ಲಿನ್ ಎಂಬುದು ಕಾಕತಾಳೀಯವಾಗಿದ್ದರೂ ಇದ್ದೀತು. ನೂರು ಡಾಲರಿನ ನೋಟಿನ ಮೇಲೆ ಹೇಗೂ ಅವನದೇ ಮುಖವಿರುವುದರಿಂದ ನಿಧಿಸಂಗ್ರಹ ಕಚೇರಿಯವರಿಗೆ ಹೊಸ ಚಿತ್ರಪಟದ ಅಗತ್ಯವೂ ಬೀಳಲಾರದು.

ವೇಲ್ಸಿನ ರೆಕ್ಸಮ್ ಊರಿನ ಚರ್ಚಿನ ಅಂಗಳದಲ್ಲಿರುವ ಎಲಿಹು ಯೇಲ್‌ನ ಸಮಾಧಿಯ ಮೇಲೆ, ಆತ ಬಹಳ ಒಳ್ಳೆಯದನ್ನೂ ಕೊಂಚ ಕೆಟ್ಟದ್ದನ್ನೂ ಮಾಡಿದನೆಂದೂ, ಲೆಕ್ಕ ಸರಿಹೋಗಿರಬಹುದೆಂದು ಆಶಿಸೋಣವೆಂದೂ ಕೆತ್ತಿದ್ದಾರೆ. ಆ ಚರ್ಚಿನ ಗೋಪುರದ ಪ್ರತಿಕೃತಿಯನ್ನು ನ್ಯೂ ಹೇವನ್ನಿನಲ್ಲಿ ಕಟ್ಟಿ ಎಷ್ಟೋ ಕಾಲವಾಯಿತು. ಅಚ್ಚಿನ ಕಚೇರಿ ಕೈಯಳತೆಯಲ್ಲೇ ಇರುವಾಗ, ಆ ಸಾಲನ್ನೂ ಮನವಿಪತ್ರದ ಅಡಿಯಲ್ಲಿ ಹಾಕಿಸಲು ಖರ್ಚೇನೂ ಹೆಚ್ಚಾಗದು.