ನಾಲೆಯ ಏರಿ ಖಾಲಿ ಬಿದ್ದಿದೆ, ಮಕ್ಕಳು ಚರಂಡಿಗೆ ಬೀಳ್ತಿದ್ದಾರೆ

ಇವತ್ತು ಬೆಳಿಗ್ಗೆ ನಮ್ಮ ಕೊಡಗಿನ ಕೂಡಿಗೆ–ಹೆಬ್ಬಾಲೆ ರಸ್ತೆಯಲ್ಲಿ ಒಂದು ಮೆರವಣಿಗೆ ನೋಡಿದೆ. ಮುಂದೊಂದು ಜೀಪು, ಹಿಂದೊಂದು ಜೀಪು, ಎರಡಕ್ಕೂ ಇಂಡಿಕೇಟರ್ ಪಿಳಿಪಿಳಿ. ನಡುವೆ ಯಾವುದೋ ರೆಸಾರ್ಟಿನ ಅತಿಥಿಗಳು. ತಲೆಗೆ ಹೆಲ್ಮೆಟ್ಟು, ಕೈಗೆ ಗ್ಲೌಸು, ಗೇರಿನ ಸೈಕಲ್ಲು. ಅವರ ಹಿಂದೆ ಬಸ್ಸು, ಪಿಕಪ್ಪು, ಹಾಲಿನ ಗಾಡಿ ಎಲ್ಲ ಸಾಲುಗಟ್ಟಿ ಮೆಲ್ಲಗೆ ಬರ್ತಿವೆ. ಒಬ್ಬನೇ ಒಬ್ಬ ಹಾರ್ನ್ ಒತ್ತಲಿಲ್ಲ ರೀ! ನಮ್ಮ ಜನಕ್ಕೆ ಇಷ್ಟೊಂದು ತಾಳ್ಮೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಮೆರವಣಿಗೆ ದಾಟಿದ ಮೇಲೆ ಅದೇ ಜಾಗಕ್ಕೆ ಯೂನಿಫಾರ್ಮ್ ಹಾಕಿದ ಹುಡುಗನೊಬ್ಬ ಬಂದ. ಹಳೇ ಸೈಕಲ್ಲು, ಕ್ಯಾರಿಯರ್ ಮೇಲೆ ತಂಗಿ. ತಾಳ್ಮೆ ಅಷ್ಟರಲ್ಲಿ ಖಾಲಿಯಾಗಿತ್ತು ಅಂತ ಕಾಣುತ್ತೆ. ಪಿಕಪ್ಪಿನವನು ಕಿವಿ ಹರಿಯೋ ಹಾಗೆ ಹಾರ್ನ್ ಒತ್ತಿದ. ಹುಡುಗ ಪಕ್ಕಕ್ಕೆ ತಿರುಗಿಸಿದ. ಅಲ್ಲಿ ಟಾರು ಮುಗಿಯೋ ಕಡೆ ಒಂದು ಗೇಣು ಇಳಿತ ಇದೆ, ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಮೇಲೆದ್ದಿದೆ, ಪಕ್ಕದ ಮಣ್ಣು ಮಳೆಗೆ ಕೊಚ್ಚಿ ಹೋಗಿದೆ. ಮುಂದಿನ ಚಕ್ರ ಜಾರಿತು. ಹುಡುಗಿ ಹೇಗೋ ಹಾರಿಕೊಂಡಳು, ಬುತ್ತಿ ಡಬ್ಬಿ ಮಾತ್ರ ಚರಂಡಿಗೆ ಉರುಳಿ ಚಿತ್ರಾನ್ನವೆಲ್ಲ ಕೆಸರು. ಅಣ್ಣ ಅಳಲಿಲ್ಲ, ಬಯ್ಯಲಿಲ್ಲ. ಸೈಕಲ್ ಎತ್ತಿ ನಿಲ್ಲಿಸಿ, ಮುಂದಿನ ಚಕ್ರವನ್ನ ಎರಡು ಮೊಣಕಾಲ ನಡುವೆ ಸಿಕ್ಕಿಸಿ, ಸೊಟ್ಟಗಾಗಿದ್ದ ಹ್ಯಾಂಡಲ್ ತಿರುಗಿಸಿ ನೇರ ಮಾಡಿದ. ರೂಢಿಯಾದ ಕೈ. "ಏನಾಗ್ಲಿಲ್ಲ ಟೀಚರ್" ಅಂದ. ನಾನು ಪಾಠ ಬಿಟ್ಟು ಎಷ್ಟೋ ಕಾಲ ಆಯ್ತು, ಈ ಮಕ್ಕಳಿಗೆ ನಾನು ಟೀಚರ್ ಅಂತ ಯಾರು ಹೇಳ್ತಾರೋ!

ಏನಾಗ್ಲಿಲ್ಲವಂತೆ. ಆಗೋವರೆಗೂ ಕಾಯೋಣ ಬಿಡಿ, ಆಮೇಲೆ ಒಂದು ಬೋರ್ಡ್ ಹಾಕಿದರಾಯ್ತು.

ಮಗಳ ಬಾಣಂತನಕ್ಕೆ ಹೋಗಿ ಅಮೆರಿಕದ ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ ಕೂತಿದ್ದ ಕಥೆ ನಿಮಗೆಲ್ಲ ಬಾಯಿಪಾಠ ಆಗಿದೆ, ಮತ್ತೆ ಕೊರೆಯಲ್ಲ. ಆದರೆ ಅಲ್ಲಿನ ಸೈಕಲ್ ದಾರಿಯ ವಿಷಯ ಸರಿಯಾಗಿ ಹೇಳಿರಲಿಲ್ಲ. ಅಲ್ಲಿನವರು ಅದನ್ನ 'ಡಬ್ಲ್ಯು ಅಂಡ್ ಓಡಿ' ಅಂತಾರೆ, ಅಂದರೆ 'ವಾಷಿಂಗ್ಟನ್ ಅಂಡ್ ಓಲ್ಡ್ ಡೊಮಿನಿಯನ್'. ವಾಷಿಂಗ್ಟನ್ ಊರಿನ ಪಕ್ಕದ ಆರ್ಲಿಂಗ್ಟನ್‌ನಿಂದ ಹಿಡಿದು ಪರ್ಸೆಲ್‌ವಿಲ್ ಅನ್ನೋ ಸಣ್ಣ ಊರಿನವರೆಗೆ 45 ಮೈಲಿ, ನಮ್ಮ ಲೆಕ್ಕದಲ್ಲಿ 72 ಕಿಲೋಮೀಟರ್, ಪೂರ್ತಿ ಡಾಂಬರು. ಮೋಟಾರು ಗಾಡಿಗೆ ಪ್ರವೇಶ ಇಲ್ಲ. ನಡೆಯೋರು, ಓಡೋರು, ಮಗು ಗಾಡಿ ತಳ್ಳೋರು, ಗಾಲಿಕುರ್ಚಿಯವರು, ಸೈಕಲ್ಲಿನವರು ಎಲ್ಲರಿಗೂ ಅದೊಂದೇ. ಸಾಕಷ್ಟು ದೂರ ಪಕ್ಕದಲ್ಲೇ ಕುದುರೆಗೂ ಒಂದು ಜಲ್ಲಿ ದಾರಿ! ಹಿಂದಿನಿಂದ ಬರೋ ಸೈಕಲ್ಲಿನವರು ಬೆಲ್ ಹೊಡೀತಾರೆ, ಇಲ್ಲ 'ಆನ್ ಯುವರ್ ಲೆಫ್ಟ್' ಅಂತ ಕೂಗಿ ಎಡಗಡೆಯಿಂದ ದಾಟಿ ಹೋಗ್ತಾರೆ, ಅಷ್ಟೇ. ಮೊದಮೊದಲು ನಾನು ಬೆಚ್ಚಿ ಹುಲ್ಲಿಗೆ ಇಳಿದು ನಿಲ್ತಿದ್ದೆ. ಕೊಡಗಿನ ಅಭ್ಯಾಸ.

ಅಳಿಯನ ಸೈಕಲ್ಲಿನ ಸೀಟು ಇಳಿಸಿಕೊಂಡು, ಚೂಡಿದಾರದ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ನಾನೂ ತುಳಿದೆ ರೀ. ಒಂದು ಕಡೆ ಕಿಟಕಿಯೇ ಇಲ್ಲದ ಡೇಟಾ ಸೆಂಟರ್ ಗೋಡೆಗಳು, ತಲೆ ಮೇಲೆ ಹೈ ಟೆನ್ಷನ್ ತಂತಿ. ಇನ್ನೊಂದು ದಿಕ್ಕಿಗೆ ಹರ್ನ್‌ಡನ್ ತನಕ ಹೋದರೆ ಹಳೇ ರೈಲ್ವೆ ಸ್ಟೇಷನ್, ಪಕ್ಕದಲ್ಲಿ ಕೆಂಪು ಬಣ್ಣದ ಹಳೇ ಗಾರ್ಡ್ ಬೋಗಿ. ಲೀಸ್‌ಬರ್ಗ್ ದಾಟಿದರೆ ಹೊಲ, ಬೇಲಿ, ಹುಲ್ಲುಗಾವಲು. ದಾರಿ ರಸ್ತೆಗೆ ಅಡ್ಡ ಬರೋ ಕಡೆ ನಾನು ಕಾಲೂರಿ ನಿಂತರೆ ಲಾರಿಯಂಥ ಕಾರೊಂದು ನನಗಾಗಿ ನಿಂತುಬಿಡ್ತು. ನಾನು ಅವನನ್ನ ಹೋಗು ಅಂತ ಕೈ ಬೀಸ್ತೀನಿ, ಅವನು ನನ್ನನ್ನ. ನಾಚಿಕೆ ಬಿಟ್ಟು ಹೇಳ್ತೀನಿ, ದಾಟಿದ ಮೇಲೆ ಕಣ್ಣು ತುಂಬಿ ಬಂತು. ಸಂತೋಷಕ್ಕಲ್ಲ, ಹೊಟ್ಟೆಕಿಚ್ಚಿಗೆ.

ಆ ದಾರಿ ಆಕಾಶದಿಂದ ಬಿದ್ದಿದ್ದಲ್ಲ, ಅದು ಹಳೇ ರೈಲು ಹಾದಿ. ರೈಲು 1968ರಲ್ಲಿ ನಿಂತುಹೋಯ್ತು. ಜಾಗದ ಬಹುಪಾಲು ಕರೆಂಟ್ ಕಂಪನಿಯ ಕೈ ಸೇರಿತು, ತಂತಿ ಎಳೆಯೋಕೆ. 1974ರಲ್ಲಿ ಫಾಲ್ಸ್ ಚರ್ಚ್ ಅನ್ನೋ ಊರಲ್ಲಿ ತಂತಿಯ ಕೆಳಗೆ ಒಂದು ಸಣ್ಣ ತುಂಡಿಗೆ ಡಾಂಬರು ಹಾಕಿ ನೋಡಿದರು. ಜನ ಬಂದರು. ಆಮೇಲೆ ತುಂಡು ತುಂಡಾಗಿ ಬೆಳೆದು ಪರ್ಸೆಲ್‌ವಿಲ್ ಮುಟ್ಟಿದ್ದು 1988ರಲ್ಲಿ. ಅದು ಸುಲಭವಾಗಿ ಆಗಿದ್ದಕ್ಕೆ ಒಂದೇ ಕಾರಣ: ರೈಲಿಗೆ ಕಡಿದಾದ ಏರು ಹತ್ತೋಕಾಗಲ್ಲ. ಗುಡ್ಡ ಕಡಿದು, ತಗ್ಗು ತುಂಬಿಸಿ ಆ ಕಾಲದವರು ಮೊದಲೇ ನೆಲ ಮಟ್ಟ ಮಾಡಿಟ್ಟಿದ್ದರು. ನನ್ನಂಥ ಮಂಡಿನೋವಿನವಳೂ ತುಳೀಬಹುದಾದ ಏರು ಅಷ್ಟೇ.

ಈಗ ನೀವು ಕೇಳ್ತೀರಿ, ಕೊಡಗಿಗೆ ರೈಲೇ ಇಲ್ವಲ್ಲ ಅಂತ. ನಿಜ. ಮೈಸೂರು–ಕುಶಾಲನಗರ ರೈಲಿನ ಮಾತು ಕೇಳ್ತಾ ಕೇಳ್ತಾ ನಮ್ಮ ತಲೆ ಬೆಳ್ಳಗಾಯ್ತು. ನಮ್ಮ ಜಿಲ್ಲೆಗೆ ಬಂದಿರೋ ರೈಲು ಅಂದರೆ ಆನೆ ತಡೆಯೋಕೆ ಕಾಡಂಚಲ್ಲಿ ನೆಟ್ಟಿರೋ ಹಳೇ ಕಂಬಿ ಮಾತ್ರ.

ಆದರೆ ಏರು ಹತ್ತೋಕೆ ಆಗದ್ದು ರೈಲಿಗೊಂದಕ್ಕೇನಾ? ನೀರಿಗೂ ಆಗಲ್ಲ. ಹಾರಂಗಿ ನಾಲೆ ಮೇಲೆ ನಿಂತು ಯಾವತ್ತಾದರೂ ನೋಡಿದ್ದೀರಾ? ನೀರು ಹರಿಯೋಕೆ ಬೇಕಾದಷ್ಟೇ ಇಳಿಜಾರು, ಪಕ್ಕದಲ್ಲಿ ಗಾಡಿ ಹೋಗೋ ಅಗಲದ ಏರಿ, ಗದ್ದೆ ಬದಿಯಲ್ಲೇ ಊರಿಂದೂರಿಗೆ. ಮಟ್ಟ ಮಾಡೋ ಕೆಲಸ ಎಂಜಿನಿಯರುಗಳು ಅಣೆಕಟ್ಟು ಕಟ್ಟುವಾಗಲೇ ಮಾಡಿ ಮುಗಿಸಿದ್ದಾರೆ, ಅದೂ ನಮ್ಮ ದುಡ್ಡಲ್ಲಿ. ಹೊಸದಾಗಿ ಯಾರ ತೋಟವೂ ಹೋಗಬೇಕಿಲ್ಲ, ಒಂದು ಸಿಲ್ವರ್ ಮರವೂ ಉರುಳಬೇಕಿಲ್ಲ. ಮತ್ತೆ ಮಕ್ಕಳು ಯಾಕೆ ಲಾರಿ ಬಾಯಿಗೆ ಹೋಗ್ತಿದ್ದಾರೆ?

ಆ ಏರಿಯನ್ನ ನಡೆಯೋರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಡಿ ಅಂತ ಒಂದು ಕಚೇರಿಗೆ ಹೋಗಿ ಕೇಳಿಯೂ ಬಂದೆ. "ಅದು ಇನ್‌ಸ್ಪೆಕ್ಷನ್ ರೋಡು ಮೇಡಂ, ಸಾರ್ವಜನಿಕರಿಗಲ್ಲ" ಅಂದರು. ಓಹೋ! ಹಾಗಾದರೆ ಅಲ್ಲಿ ಓಡಾಡೋ ಟ್ರ್ಯಾಕ್ಟರು, ಟಿಪ್ಪರು ಎಲ್ಲ ಇನ್‌ಸ್ಪೆಕ್ಟರುಗಳು. ಸಂಜೆ ಏರಿ ಮೇಲೆ ಬಾಟಲಿ ಇಟ್ಟುಕೊಂಡು ಕೂತಿರೋರೂ ನೀರಿನ ಮಟ್ಟ ಅಳೀತಿರಬೇಕು. ಸೈಕಲ್ ತುಳಿಯೋ ಎಂಟನೇ ಕ್ಲಾಸಿನ ಹುಡುಗಿ ಮಾತ್ರ ಸಾರ್ವಜನಿಕಳು.

ಇದನ್ನ ಹೇಳಿದ್ರೆ ನಮ್ಮ ಮನೆಯವರದ್ದು ಒಂದೇ ರಾಗ. "ಕೊಡಗು ಅಂದ್ರೆ ಏರು, ಇಳಿತ, ಮಳೆ. ಇಲ್ಲಿ ಸೈಕಲ್ ಯಾರು ತುಳೀತಾರೆ? ಈಗ ಎಲ್ಲರ ಮನೇಲೂ ಸ್ಕೂಟಿ ಇದೆ." ಅವರ ಕೊಡಗು ಮಡಿಕೇರಿಯಿಂದ ಭಾಗಮಂಡಲದವರೆಗೆ ಅಷ್ಟೇ. ಹೆಬ್ಬಾಲೆ, ತೊರೆನೂರು, ಶಿರಂಗಾಲ ಕೊಡಗಲ್ವಾ? ಅಲ್ಲಿ ಗುಡ್ಡ ಎಲ್ಲಿದೆ, ಆ ಪರಿ ಮಳೆ ಎಲ್ಲಿದೆ? 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚಿತಲ್ಲ, ನಮ್ಮ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಸ್ಕ್ರೂ ಬಿಗಿ ಮಾಡಿಸಿದವಳು ನಾನು. ಎಲ್ಲಿ ತುಳೀಬೇಕು ಅಂತ ಆಗ ಯಾರೂ ಯೋಚಿಸಲಿಲ್ಲ. ಇನ್ನು ಸ್ಕೂಟಿ! ಕಾಫಿ ತೋಟದ ಲೈನ್‌ಮನೆಯಿಂದ ನಡೆದು ಸಂತೆಗೆ ಬರೋ ಹೆಂಗಸರ ಹತ್ರ ಸ್ಕೂಟಿ ಇದೆಯಾ ಕೇಳಿ. ತಲೆ ಮೇಲೆ ಅಕ್ಕಿ ಚೀಲ ಹೊತ್ತು ಅದೇ ಗೇಣಿಳಿತದ ಪಕ್ಕದಲ್ಲಿ ಹೆಜ್ಜೆ ಇಡೋದು ಅವರೇ. ಆ ದಾರಿ ಬರೀ ಸೈಕಲ್ಲಿಗೆ ಅಂತ ನಾನೆಲ್ಲಿ ಹೇಳಿದೆ?

ಆನೆ ವಿಷಯಕ್ಕೆ ಮಾತ್ರ ನಾನು ತಲೆ ಬಾಗ್ತೀನಿ. ಕಾಡಂಚಿನ ಕಡೆ ಮುಂಜಾನೆ, ಮುಸ್ಸಂಜೆ ಯಾರೂ ಹೋಗಬಾರದು, ಆನೆಕಾಡಿನಂಥ ಜಾಗದಲ್ಲಿ ಈ ಮಾತೇ ಬೇಡ. ಮಕ್ಕಳು ನಾಲೆಗೆ ಬೀಳ್ತಾರೆ ಅನ್ನೋದೂ ಸರಿ, ನೀರಿನ ಬದಿಗೆ ಕಂಬಿ ಹಾಕಲೇಬೇಕು. ಅದಕ್ಕೆ ಖರ್ಚಿದೆ, ಇಲ್ಲ ಅನ್ನಲ್ಲ. ಆದರೆ ಊರ ಮುಂದಿನ ಸ್ವಾಗತ ಕಮಾನಿಗೆ, ಅದರ ಬಣ್ಣದ ಲೈಟಿಗೆ ದುಡ್ಡು ಸಿಗುತ್ತಲ್ಲ, ಅದೇ ಕಿಸೆಯಿಂದ ತೆಗೀಲಿ.

ನನಗೆ ಭಯ ಇರೋದು ಬೇರೆ ಕಡೆ. ಈ ಬರಹ ಓದಿ ಯಾರಾದರೂ ಜಾಣರು "ಒಳ್ಳೇ ಐಡಿಯಾ ಟೀಚರೇ" ಅಂತ ಹೇಳಿ, ನಾಲೆ ಏರಿಗೆ ಡಾಂಬರು ಹಾಕಿಸಿ, ಬಾಗಿಲಲ್ಲಿ ಟಿಕೆಟ್ ಕೌಂಟರ್ ಇಟ್ಟು, 'ಕೂರ್ಗ್ ಕೆನಾಲ್ ರೈಡ್' ಅಂತ ಬೋರ್ಡ್ ತೂಗುಹಾಕ್ತಾರೆ. ಆಗ ಹುಡುಗಿಯ ಬುತ್ತಿ ಮತ್ತೆ ಅದೇ ಚರಂಡಿಗೆ, ರೆಸಾರ್ಟಿನವರು ನಾಲೆ ಮೇಲೆ. ನಮ್ಮೂರಲ್ಲಿ ಬೆಟ್ಟ, ಜಲಪಾತ, ಹೊಳೆ ಎಲ್ಲಕ್ಕೂ ಆಗಿದ್ದು ಇದೇ ಅಲ್ವಾ? ಅದಕ್ಕೇ ಈಗಲೇ ಹೇಳ್ತಿದ್ದೀನಿ: ಮೊದಲ ತುಂಡು ಯಾವುದಾದರೂ ಶಾಲೆಯ ಗೇಟಿಂದ ಶುರುವಾಗಬೇಕು. ರೆಸಾರ್ಟಿನ ಗೇಟಿಂದ ಅಲ್ಲ.

"ಅಷ್ಟು ಇಷ್ಟ ಆದ್ರೆ ಅಮೆರಿಕದಲ್ಲೇ ಇದ್ದುಬಿಡಬೇಕಿತ್ತು" ಅಂತ ಕಮೆಂಟ್ ಹಾಕೋಕೆ ಕೆಲವರ ಬೆರಳು ತುರಿಸ್ತಿರುತ್ತೆ, ಗೊತ್ತು. ಹಾಕಿ. ವೀಸಾ ಮುಗಿದಿತ್ತು, ಇಲ್ಲದಿದ್ರೆ ಯೋಚಿಸ್ತಿದ್ದೆ.

ಉಳಿದವರಿಗೆ: ಮುಂದಿನ ಗ್ರಾಮಸಭೆಯಲ್ಲಿ ಈ ಅರ್ಜಿ ಕೊಡ್ತೀನಿ, ಬರೆದಿಟ್ಟಿದ್ದೀನಿ. ಸಹಿ ಬೇಕು. ಕೂಡಿಗೆ, ಹೆಬ್ಬಾಲೆ ಕಡೆಯ ಹಳೇ ವಿದ್ಯಾರ್ಥಿಗಳು ಯಾರಿದ್ದೀರೋ ಮನೆಗೆ ಬನ್ನಿ, ಕಾಫಿ ಕೊಡ್ತೀನಿ. ನಡೆದು ಬಂದವರಿಗೆ, ಸೈಕಲ್ಲಲ್ಲಿ ಬಂದವರಿಗೆ ಜೊತೆಗೆ ನೂಲ್‌ಪುಟ್ಟು ಕೂಡ. ಜೀಪಲ್ಲಿ ಬಂದವರು ಸಹಿ ಹಾಕಿ ಹೋಗ್ತಾ ಇರಿ.