440 ಪರ್ಸೆಂಟ್ ಅಂದರೆ 22 ರೂಪಾಯಿ

ಬೆಳಿಗ್ಗೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ರೀಲ್ ಬಂತು. ಕಾರಲ್ಲಿ ಕೂತ ಹುಡುಗನೊಬ್ಬ ಹೇಳುತ್ತಾನೆ: "ಈ ಕಂಪನಿ ಸಾವಿರ ಪರ್ಸೆಂಟ್ ಡಿವಿಡೆಂಡ್ ಕೊಡ್ತಿದೆ! ರೆಕಾರ್ಡ್ ಡೇಟ್ ಹಿಂದಿನ ದಿನ ತಗೊಳ್ಳಿ, ಮಾರನೇ ದಿನ ಮಾರಿ." ಅದರ ಕೆಳಗೆ ನನ್ನ ಅಕ್ಕನ ಮಗ, "ಮಾಮ, ಪಿಎಫ್ ದುಡ್ಡು ತೆಗೆದು ಹಾಕಲಾ?" ಎಂದು ಕೇಳಿದ್ದಾನೆ. ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಬ್ಯಾಂಕ್ ಕೌಂಟರಿನಲ್ಲಿ ಕೂತು ರಿಟೈರ್ ಆದವನು ಅಂತ ನಿಮಗೆಲ್ಲ ಗೊತ್ತೇ ಇದೆ. ಲೆಕ್ಕವನ್ನೇ ಹೇಳುತ್ತೇನೆ. ಡಿವಿಡೆಂಡ್ ಅಂದರೆ ಕಂಪನಿ ತನ್ನ ಷೇರುದಾರರಿಗೆ ಹಂಚುವ ಲಾಭದ ಪಾಲು. ಅದು ಯಾರಿಗೆಲ್ಲ ಸಿಗಬೇಕು ಅಂತ ಕಂಪನಿ ಷೇರುದಾರರ ಪಟ್ಟಿ ನೋಡುವ ದಿನವೇ ರೆಕಾರ್ಡ್ ಡೇಟ್.

ಈ ಪರ್ಸೆಂಟ್ ಹೇಳುವುದು ಷೇರಿನ ಮುಖಬೆಲೆಯ (ಕಂಪನಿ ಷೇರಿಗೆ ನಮೂದಿಸಿದ ಮೂಲ ಬೆಲೆಯ) ಮೇಲೆ, ನೀವು ಕೊಡುವ ಬೆಲೆಯ ಮೇಲಲ್ಲ. ಇನ್ಫೋಸಿಸ್ 2024-25ಕ್ಕೆ ಕೊಟ್ಟ ಫೈನಲ್ ಡಿವಿಡೆಂಡ್ ಷೇರಿಗೆ 22 ರೂಪಾಯಿ. ಮುಖಬೆಲೆ 5. ಹಾಗಾಗಿ 440 ಪರ್ಸೆಂಟ್! ಆದರೆ ಷೇರಿಗೆ ನೀವು 1,500 ರೂಪಾಯಿ ಕೊಟ್ಟಿದ್ದರೆ ನಿಮಗೆ ಸಿಕ್ಕಿದ್ದು ಒಂದೂವರೆ ಪರ್ಸೆಂಟ್ ಕೂಡ ಅಲ್ಲ. ಕಂಪನಿ ಒಳ್ಳೆಯದೇ. 22 ರೂಪಾಯಿಯನ್ನು 440 ಪರ್ಸೆಂಟ್ ಅಂತ ಕೂಗುವುದು ಮಾತ್ರ ಮೋಸ.

ಇನ್ನು ಆ ಹಿಂದಿನ ದಿನದ ಉಪಾಯ. ರೆಕಾರ್ಡ್ ಡೇಟ್ ದಿನ ಷೇರಿನ ಬೆಲೆ ಹೆಚ್ಚುಕಡಿಮೆ ಡಿವಿಡೆಂಡಿನಷ್ಟೇ ಇಳಿದು ಶುರುವಾಗುತ್ತದೆ. ಕಂಪನಿಯ ಕೈಯಿಂದ ಅಷ್ಟು ದುಡ್ಡು ಹೊರಗೆ ಹೋಯಿತಲ್ವಾ, ಇಳಿಯಲೇಬೇಕು. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಮ್ಮ ಆದಾಯಕ್ಕೇ ಸೇರುತ್ತದೆ. 30 ಪರ್ಸೆಂಟ್ ತೆರಿಗೆ ಕಟ್ಟುವವನಿಗೆ 22ರಲ್ಲಿ ಆರೂವರೆ ರೂಪಾಯಿಗೂ ಜಾಸ್ತಿ ಸರ್ಕಾರಕ್ಕೆ ಹೋಯಿತು. ಮೇಲೆ ಕೊಳ್ಳುವ ಮಾರುವ ಖರ್ಚು ಬೇರೆ. ಉಳಿಯುವುದೇನು?

"ಹಾಗಾದರೂ ಹುಡುಗರು ಷೇರಿನ ಕಡೆ ಬರುತ್ತಾರಲ್ಲ" ಅಂತ ಒಬ್ಬ ಸ್ನೇಹಿತರು ಹೇಳಿದರು. ಬರಲಿ ಸಾರ್, ಬೇಡ ಅಂದವರಾರು? ಆದರೆ ಸುಳ್ಳು ಕೇಳಿ ಬಂದವನು ಮೊದಲ ನಷ್ಟಕ್ಕೇ ವಾಪಸ್ ಹೋಗುತ್ತಾನೆ. ಆಮೇಲೆ ಜೀವನಪೂರ್ತಿ "ಷೇರು ಅಂದರೆ ಜೂಜು" ಅನ್ನುತ್ತಾನೆ. ಅಂಥವರನ್ನು ನಾನು ಕೌಂಟರಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ನನಗೆ ಇಷ್ಟು ಕೋಪ ಯಾಕೆ ಗೊತ್ತಾ? ಅಪ್ಪ ಹೋದ ಮೇಲೆ ಅಮ್ಮನ ಔಷಧಿಯ ಖರ್ಚು ನಡೆದದ್ದು ಡಿವಿಡೆಂಡಿನಿಂದಲೇ. ಅಪ್ಪ ಸಂಬಳದಲ್ಲಿ ಉಳಿದಷ್ಟಕ್ಕೆ ಒಂದೆರಡು ಷೇರು ಕೊಳ್ಳುತ್ತಿದ್ದರು. ಡಿವಿಡೆಂಡ್ ಬಂದರೆ ಅದಕ್ಕೂ ಷೇರೇ. ನಮಗೆ ಹೊಸ ಬಟ್ಟೆ ಕೇಳುವ ಆಸೆ, ಅವರು ಬಗ್ಗುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ: ಆಗ ಅವರ ಮೇಲೆ ನನಗೆ ತುಂಬಾ ಬೇಸರವಿತ್ತು. ಅವರು ವರ್ಷಗಟ್ಟಲೆ ಕಾದು ಕಟ್ಟಿದ್ದನ್ನು ಈ ಹುಡುಗ ಒಂದು ರಾತ್ರಿಯ ಕೆಲಸ ಅನ್ನುತ್ತಾನೆ!

ಅಮೆರಿಕದಲ್ಲಿ ಎಷ್ಟೋ ಕಂಪನಿಗಳ ಡಿವಿಡೆಂಡ್ ತಾನಾಗಿಯೇ ಮತ್ತೆ ಷೇರಾಗುವ ಏರ್ಪಾಡಿದೆ. ನಮ್ಮಲ್ಲಿ ದುಡ್ಡು ಬ್ಯಾಂಕ್ ಖಾತೆಗೆ ಬಂದು ಬೀಳುತ್ತದೆ. ಮತ್ತೆ ಷೇರಿಗೆ ಹಾಕುವ ಶಿಸ್ತು ನಮ್ಮದೇ ಆಗಬೇಕು. ಮೊದಲ ಕೆಲವು ವರ್ಷ ಬರುವುದು ಚಿಲ್ಲರೆ ದುಡ್ಡು. ಬೇಸರ ಆಗುತ್ತದೆ. ರೀಲ್ ಮಾಡುವವರಿಗೆ ಈ ಭಾಗ ಬೇಡವೇ ಬೇಡ.

ಜಾಸ್ತಿ ಕೊಟ್ಟಿತು ಅಂತ ಓಡಲೂಬೇಡಿ. ಗಣಿ ಮತ್ತು ಲೋಹದ ಕಂಪನಿ ವೇದಾಂತ 2022-23ರಲ್ಲಿ ಷೇರಿಗೆ 101.50 ರೂಪಾಯಿ ಡಿವಿಡೆಂಡ್ ಕೊಟ್ಟಿತು. ಅದೇ ವರ್ಷ ಷೇರಿನ ಬೆಲೆ 100 ರೂಪಾಯಿಗೂ ಜಾಸ್ತಿ ಇಳಿಯಿತು. ಡಿವಿಡೆಂಡಿನ ದೊಡ್ಡ ಪಾಲು ಹೋದದ್ದು ಸಾಲದ ಹೊರೆ ಹೊತ್ತಿದ್ದ ಲಂಡನ್ನಿನ ಮಾತೃ ಕಂಪನಿಗೆ. ಬರೀ ಡಿವಿಡೆಂಡ್ ನೋಡಿದವನಿಗೆ ಹಬ್ಬ, ಒಟ್ಟು ಲೆಕ್ಕ ನೋಡಿದವನಿಗೆ ಏನೂ ಇಲ್ಲ.

ಅಕ್ಕನ ಮಗನಿಗೆ ಪಿಎಫ್ ಮುಟ್ಟಬೇಡ ಅಂತ ಹೇಳಿದ್ದೇನೆ. ಕಂಪನಿಯ ವಾರ್ಷಿಕ ವರದಿಯಲ್ಲಿ ಕ್ಯಾಶ್ ಫ್ಲೋ ಪುಟ, ಅಂದರೆ ದುಡ್ಡು ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಅನ್ನುವ ಪುಟ, ತೆಗೆದು ನೋಡು ಅಂದೆ. ವ್ಯಾಪಾರದಿಂದ ಬಂದ ದುಡ್ಡಲ್ಲಿ ಡಿವಿಡೆಂಡ್ ಕೊಡುತ್ತಿದ್ದಾರಾ, ಸಾಲ ಮಾಡಿ ಕೊಡುತ್ತಿದ್ದಾರಾ ಅಂತ ಹತ್ತು ವರ್ಷದ್ದು ನೋಡಬೇಕು. ನಿಮಗೂ ಆ ಪುಟ ಅರ್ಥವಾಗದಿದ್ದರೆ ಫೋನ್ ಮಾಡಿ. ಭಾನುವಾರ ಮನೆಯಲ್ಲೇ ಇರುತ್ತೇನೆ, ಕೂತು ನೋಡೋಣ.